ಹೊಗೆ ಹತ್ತದ ಒಲೆ

ಕಾರು ಕಾರ್ಖಾನೆ ಮೊದಲು ಬಂದಾಗ, ಜಮೀನು ಬಿಟ್ಟುಕೊಟ್ಟ ಮನೆಗೊಂದು ಕೆಲಸ ಸಿಕ್ಕಿತ್ತು. ಅದು ಅಣ್ಣನ ಪಾಲಾಯಿತು. ಈಗ ಬೇಲಿಯಾಚೆ ಎರಡನೆಯ ಶೆಡ್ಡು ಏಳುತ್ತಿತ್ತು. ಊರಿಗೆಲ್ಲ ಕೆಲಸವಂತೆ ಎಂದು ಸುದ್ದಿ. ನಿಯಮ ಮಾತ್ರ ಹಳೆಯದೇ: ಒಂದು ಒಲೆಗೆ ಒಂದು ಕೆಲಸ. ಅಣ್ಣನ ಒಲೆಯಲ್ಲೇ ಉಣ್ಣುವ ತಮ್ಮನಿಗೆ ಬಾಗಿಲು ಮುಚ್ಚಿದಂತೆಯೇ.

"ಅದಕ್ಕೇನು, ಬೇರೆ ಆಗಿದೀವಿ ಅಂದ್ರಾಯ್ತು," ಎಂದ ಅಣ್ಣ. ಹಿಂದಿನ ಕೋಣೆಯ ಹುಲ್ಲು ತೆಗೆಸಿ, ಸುಣ್ಣ ಬಳಿಸಿ, ತಮ್ಮನ ಹೆಂಡತಿಯಿಂದ ಮಣ್ಣಿನ ಒಲೆ ಹಾಕಿಸಿದ. ಅತ್ತಿಗೆಗೆ ಪಾಠ ಹೇಳಿಕೊಟ್ಟವನೂ ಅವನೇ: "ಸಾಹೇಬ್ರು ಕೇಳಿದ್ರೆ ಹೊಂದಿಕೆ ಆಗ್ಲಿಲ್ಲ ಅನ್ನು. ಅಷ್ಟೇ ಸಾಕು."

ಕಾರ್ಖಾನೆಯ ಸಾಹೇಬರು ಗಿಡ್ಡ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದರು. "ಯಾಕಮ್ಮ ಬೇರೆ ಆದ್ರಿ?"

"ಹೊಂದಿಕೆ ಆಗ್ಲಿಲ್ಲ ಸ್ವಾಮಿ," ಎಂದಳು ಅತ್ತಿಗೆ. ತಮ್ಮನಿಗೆ ಉಸಿರು ಬಂತು. ಅವಳು ಅಲ್ಲಿಗೆ ನಿಲ್ಲಿಸಬೇಕಲ್ಲ! "ಹೆಂಗಾಗತ್ತೆ ಹೊಂದಿಕೆ? ದುಡಿಯೋರು ಒಬ್ರು, ಕೂತು ತಿನ್ನೋರು ಮನೆತುಂಬ. ಇವಳಿಗೆ ನೀರು ತಾ ಅಂದ್ರೆ ಸೊಂಟನೋವು. ಇವನೋ, ಇವತ್ತು ಕೆಲಸ ಸಿಗತ್ತೆ, ನಾಳೆ ಸಿಗತ್ತೆ ಅಂತ ಬೇಲಿ ಕಾಯ್ತಾನೆ. ನಾನೇನು ಕಬ್ಬಿಣದೋಳಾ?"

"ಅಕ್ಕಾ!" ಎಂದಳು ತಮ್ಮನ ಹೆಂಡತಿ. ಅಣ್ಣ ಸುಮ್ಮಸುಮ್ಮನೆ ಕೆಮ್ಮಿದ. ಅತ್ತಿಗೆಯ ಕಣ್ಣು ತುಂಬಿತ್ತು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಸಾಹೇಬರು ನಂಬಿದವರಂತೆ ತಲೆದೂಗಿದರು. ಹೊರಡುವ ಮುಂಚೆ ಒಲೆಯ ಹಿಂದಿನ ಗೋಡೆ ಸವರಿ ಬೆರಳು ನೋಡಿಕೊಂಡರು. ಬರೀ ಸುಣ್ಣ. ಒಲೆಯೊಳಗೆ ಚಿಟಿಕೆ ಬೂದಿಯೂ ಇರಲಿಲ್ಲ.

"ನಮ್ಮಮ್ಮನೂ ಒಲೆ ಊದಿದೋಳೇ ಕಣಯ್ಯ," ಎಂದರು. "ಜಗಳ ಹಳೇದು, ಒಲೆ ಹೊಸದು. ಆಗಲ್ಲ."

ತಮ್ಮ ಬೀದಿಯವರೆಗೂ ಬೆನ್ನು ಹತ್ತಿದ. ಅವರು ತಿರುಗಿ ನೋಡಲಿಲ್ಲ.

"ನಾಕು ಸೌದೆ ಉರಿಸೋಕೆ ಯಾರಿಗೂ ಹೊಳೀಲಿಲ್ವಾ!" ಎಂದು ಬಂದವನೇ ಹಣೆ ಚಚ್ಚಿಕೊಂಡ.

"ನಾನು ಹಚ್ತೀನಿ ಅಂದೆ," ಎಂದಳು ಅವನ ಹೆಂಡತಿ. "ಭಾವನೇ ಸೌದೆ ದಂಡ ಅಂದ್ರು."

ಅಣ್ಣ ಚಪ್ಪಲಿ ಮೆಟ್ಟಿ ಪಾಳಿಗೆ ಹೊರಟುಹೋದ. ಹೊಸ ಶೆಡ್ಡಿಗೆ ತಗಡು ಬಡಿಯುವ ಸದ್ದು ಕಿವಿ ತೂತು ಮಾಡುತ್ತಿತ್ತು. ತಮ್ಮನ ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದಳು.

ನಡುಮಧ್ಯಾಹ್ನ ಅತ್ತಿಗೆ ಕರೆದಳು. "ಬಾರೋ, ಊಟ ಆರಿಹೋಗತ್ತೆ. ಏನೋ ಬಾಯಿ ಜಾರ್ತು, ಮನಸ್ಸಲ್ಲಿ ಇಟ್ಕೋಬೇಡ. ಅವಳನ್ನೂ ಎಬ್ಬಿಸು."

ಅವನ ಹೊಟ್ಟೆ ಚುರುಗುಟ್ಟುತ್ತಿತ್ತು. ಈ ಮನೆಯಲ್ಲಿ ಅವನನ್ನು ಊಟಕ್ಕೆ ಎರಡನೆಯ ಸಲ ಕರೆಯಬೇಕಾಗಿಯೇ ಬಂದಿರಲಿಲ್ಲ.

"ಹಸಿವಿಲ್ಲ ಅತ್ತಿಗೆ," ಎಂದ.