ಒಲೆಯ ಸುತ್ತ

“ಓಡ್ತೀಯೋ ಇಲ್ವೋ, ಅದೊಂದು ಹೇಳ್ಬಿಡು!”

ನಿಕಿಪ್ಪೆ ಸೊಂಟದ ಮೇಲೆ ಕೈಯಿಟ್ಟು ಮಗನ ಎದುರು ನಿಂತಿದ್ದಳು. ಮಗ ಲೈಕಿನೋಸ್ ನಡುಮನೆಯ ಒಲೆಯ ಪಕ್ಕ ಮಣೆಯ ಮೇಲೆ ಕುಳಿತು, ಗಡ್ಡ ಕೆರೆಯುತ್ತ ಬೆಂಕಿಯನ್ನೇ ನೋಡುತ್ತಿದ್ದ. ಎದುರು ಗೋಡೆಗೆ ಒರಗಿದ್ದ ಬಾಣಂತಿ ಹೆಗೆಸೋ ಗಂಡನನ್ನು ನೋಡುತ್ತಿದ್ದಳು. ಅವಳ ಮಡಿಲಲ್ಲಿ ಚೊಚ್ಚಲ ಕೂಸು ಲೋಕದ ಗೊಡವೆಯೇ ಇಲ್ಲದೆ ನಿದ್ದೆ ಹೊಡೆಯುತ್ತಿತ್ತು.

ಕೂಸಿಗೆ ಇವತ್ತು ಐದನೆಯ ದಿನ. ಅಪ್ಪನಾದವನು ಅದನ್ನು ಎದೆಗವಚಿಕೊಂಡು ಒಲೆಯ ಸುತ್ತ ಓಡಬೇಕು. ಓಡಿದರೆ ಕೂಸು ಆ ಮನೆಯದು, ಓಡದಿದ್ದರೆ ಅಲ್ಲ. ಅಥೆನ್ಸಿನಲ್ಲಿ ಕಡುಬಡವನೂ ಬಿಡದ ಶಾಸ್ತ್ರ ಇದು. ಹೆಣ್ಣು ಹುಟ್ಟಿದೆಯೆಂದು ಬಾಗಿಲಿಗೆ ಉಣ್ಣೆಯ ಕುಚ್ಚು ಕಟ್ಟಿಯಾಗಿತ್ತು. ನೆಂಟರು ಕಳಿಸಿದ ಮೀನು ಅಂಗಳದಲ್ಲಿ ಬೆಕ್ಕುಗಳನ್ನೆಲ್ಲ ಸೇರಿಸಿತ್ತು. ಎಲ್ಲ ಸಿದ್ಧವಾಗಿತ್ತು, ಓಡಬೇಕಾದವನ ಕಾಲು ಮಾತ್ರ ಮೇಲೇಳುತ್ತಿರಲಿಲ್ಲ.

ಹಾಗಂತ ಲೈಕಿನೋಸ್ ಕಲ್ಲೆದೆಯವನೇನಲ್ಲ. ಕುದುರೆಗೆ ಕಡಿವಾಣ ಮಾಡುವುದು ಅವನ ಕಸುಬು. ಕಬ್ಬಿಣ ಕುದುರೆಯ ಬಾಯಿಗೆ ಚುಚ್ಚೀತೆಂದು ಮೊದಲು ತನ್ನ ಬಾಯಲ್ಲೇ ಕಚ್ಚಿ ನೋಡುವಂಥ ಆಸಾಮಿ! ಅವನ ತಲೆ ಕೆಡಿಸಿದವನು ಮೆಲಾಂತಿಯಸ್. ಪೇಟೆಯ ಕಂಬದ ಸಾಲಿನಲ್ಲಿ ಕೂತು ಹೋಗಿಬರುವವರನ್ನೆಲ್ಲ ಹಿಡಿದು ಪ್ರಶ್ನೆ ಕೇಳುವ ಮುದುಕ. ಒಂದು ದಿನ ಇವನನ್ನೂ ಹಿಡಿದ. “ಕಡಿವಾಣ ಮಾಡೋದು ಯಾರ ಹತ್ರ ಕಲಿತೆ?” ಎಂದ. “ನಮ್ಮಪ್ಪನ ಹತ್ರ” ಎಂದು ಇವನು ಹೆಮ್ಮೆಯಿಂದಲೇ ಹೇಳಿದ. “ಸರಿ, ಒಳ್ಳೆಯವನಾಗೋದು ಯಾರ ಹತ್ರ ಕಲಿತೆ?” ಎಂದ ಮುದುಕ. ಅವತ್ತಿನಿಂದ ಲೈಕಿನೋಸ್‌ಗೆ ಊಟ ರುಚಿಸಿಲ್ಲ.

“ಅಮ್ಮಾ, ಸ್ವಲ್ಪ ಕೇಳು,” ಎಂದ ಈಗ. “ಅಳತೆ ಗೊತ್ತಿಲ್ದೆ ಕಡಿವಾಣ ಮಾಡಿದ್ರೆ ಕುದುರೆ ಬಾಯಿ ಹರಿಯತ್ತೆ. ಒಳ್ಳೇತನ ಅಂದ್ರೆ ಏನು ಅಂತಾನೇ ಗೊತ್ತಿಲ್ಲ ನಂಗೆ. ಗೊತ್ತಿಲ್ದೇ ಇರೋದನ್ನ ಮಗೂಗೆ ಹೇಗೆ ಕಲಿಸ್ಲಿ?”

“ನಿನ್ನ ನಾನು ಹೇಗೆ ಬೆಳೆಸಿದೆ? ಯಾರನ್ನಾದ್ರೂ ಕೇಳಿದ್ನಾ?”

“ಕೇಳಿದ್ರೆ ಚೆನ್ನಾಗಿರ್ತಿತ್ತೇನೋ.”

“ನೋಡಿದ್ಯೇನೇ ಹೆಗೆಸೋ, ಇವನ ನಾಲಿಗೆ!” ನಿಕಿಪ್ಪೆ ಹಣೆ ಚಚ್ಚಿಕೊಂಡಳು. “ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಅಂತಾರಲ್ಲ, ಹಾಗಾಯ್ತು ಇದು. ಸಂಜೆಯೊಳಗೆ ಎತ್ಕೊಳ್ಲಿಲ್ಲ ಅಂದ್ರೆ ಬಿಟ್ಟ ಹಾಗೇ ಕಣೋ. ಒಲೆಯ ದೇವಿ ನಾಳೆವರೆಗೂ ಕಾಯಲ್ಲ.”

“ಬಿಡೋದಲ್ಲಮ್ಮ. ಮೆಗರಾದಲ್ಲಿ ಮಕ್ಕಳಿಲ್ಲದ ಗಂಡ ಹೆಂಡ್ತಿ ಇದ್ದಾರಂತೆ, ಸೂಲಗಿತ್ತಿ ಹೇಳಿದ್ಲು. ತುಂಬಾ ತಿಳಿದವರಂತೆ...” ಅವನ ದನಿ ಒಡೆಯಿತು. “ನನ್ನ ಕೈಯಲ್ಲಿ ಹಾಳಾಗ್ಬಿಟ್ರೆ ಅಂತ ಭಯ ಆಗತ್ತಮ್ಮ, ಅಷ್ಟೇ.”

ಹೆಗೆಸೋ ತಟ್ಟನೆ ಬಾಗಿಲತ್ತ ನೋಡಿದಳು. ಬಾಗಿಲ ಬಳಿ ಸೂಲಗಿತ್ತಿ ನೆಲ ನೋಡುತ್ತ ನಿಂತಿದ್ದಳು, ಅವಳ ಹೆಗಲ ಮೇಲೆ ಮಗುವನ್ನು ಸುತ್ತಿ ಒಯ್ಯುವ ಕಂಬಳಿ ಇತ್ತು. ಈ ಮನೆಯಲ್ಲಿ ಕೂಸು ಯಾರದೆಂದು ಹೇಳುವ ಅಧಿಕಾರ ಅಪ್ಪನಿಗೊಬ್ಬನಿಗೇ. ಹೆತ್ತವಳ ಮಾತು ಅಲ್ಲಿ ನಡೆಯುವುದಿಲ್ಲ. ಗಂಡನ ಮೇಲೆ ಅವಳಿಗೆ ಉರಿಯುವಷ್ಟು ಸಿಟ್ಟು ಬಂತು, ಅವನ ಕಣ್ಣು ತುಂಬಿದ್ದು ನೋಡಿ ಅಯ್ಯೋ ಪಾಪ ಎಂದೂ ಅನಿಸಿತು. ಈ ಎರಡನೆಯದೇ ಹೆಚ್ಚು ಕಷ್ಟದ್ದು.

ಅಷ್ಟರಲ್ಲಿ ಅಂಗಳದಲ್ಲಿ ಕೆಮ್ಮಿನ ಸದ್ದಾಯಿತು. ಬಂದವನು ಮೆಲಾಂತಿಯಸ್ಸೇ. ಬರಿಗಾಲು, ಕೈಯಲ್ಲಿ ಶಾಸ್ತ್ರದ ಉಡುಗೊರೆಯೆಂದು ತಂದ ಜೋಲಾಡುವ ಒಂದು ಆಕ್ಟೋಪಸ್, ಮುಖದ ತುಂಬ ನಗು.

“ಬಂದ್ರಪ್ಪ ಮಹಾನುಭಾವರು!” ನಿಕಿಪ್ಪೆ ಹೊಸ್ತಿಲಿಗೇ ಹೋಗಿ ಅಡ್ಡ ನಿಂತಳು. “ನೀವು ಹಾಕಿದ ಗಂಟು ನೀವೇ ಬಿಚ್ಚಿ ಹೋಗಿ. ಒಳ್ಳೇತನ ಕಲಿಸ್ಬೋದೋ ಇಲ್ವೋ?”

“ನಂಗೂ ಗೊತ್ತಿಲ್ಲ ತಾಯಿ. ಗೊತ್ತಿದ್ರೆ ಇವನನ್ನ ಯಾಕೆ ಕೇಳ್ತಿದ್ದೆ?”

“ನಿಮಗೆ ಮಕ್ಕಳೆಷ್ಟು?”

“ನಾಲ್ಕು.”

“ಎತ್ಕೊಂಡು ಓಡಿದ್ರೋ?”

“ನಾಲ್ಕನ್ನೂ ಎತ್ಕೊಂಡು ಓಡಿದೆ.”

“ಆಗ ಉತ್ತರ ಗೊತ್ತಿತ್ತೋ?”

ಮುದುಕ ತಲೆ ಕೆರೆದುಕೊಂಡ. “ಆಗ ಈ ಪ್ರಶ್ನೇನೇ ಗೊತ್ತಿರ್ಲಿಲ್ಲ ತಾಯಿ.”

ಸೂಲಗಿತ್ತಿ ಕಂಬಳಿಯ ಅಂಚಿನಲ್ಲಿ ನಗು ಮುಚ್ಚಿಕೊಂಡಳು. ಲೈಕಿನೋಸ್ ಮಾತ್ರ ನಗಲಿಲ್ಲ. “ಅದೇ ನಾನು ಹೇಳ್ತಿರೋದು,” ಎಂದ. “ಅವರಿಗೆ ಗೊತ್ತಿರ್ಲಿಲ್ಲ, ಓಡಿದ್ರು. ನಂಗೆ ಪ್ರಶ್ನೆ ಗೊತ್ತಾಗ್ಹೋಗಿದೆ. ಗೊತ್ತಾದ್ಮೇಲೂ ಓಡಿದ್ರೆ ಅದು ಮೋಸ ಅಲ್ವಾ?”

ಬಿಸಿಲು ಅಂಗಳದ ಗೋಡೆ ಹತ್ತಿತ್ತು. ಸೂಲಗಿತ್ತಿ ನಿಟ್ಟುಸಿರು ಬಿಟ್ಟು ಕಂಬಳಿಯನ್ನು ಹೆಗಲಿನಿಂದ ತೆಗೆದಳು.

ಹೆಗೆಸೋ ಎದ್ದಳು. ಏಳುವಾಗ ಸೊಂಟ ಹಿಡಿದುಕೊಂಡಿತು. ಕೂಸನ್ನು ಎದೆಗೊತ್ತಿಕೊಂಡು, ಉಟ್ಟ ಬಟ್ಟೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದಳು.

“ನೀನು ಯೋಚ್ನೆ ಮಾಡ್ತಾ ಕೂತ್ಕೋ,” ಎಂದಳು ಗಂಡನಿಗೆ. “ನಾನು ಓಡ್ತೀನಿ.”

“ಅಯ್ಯಯ್ಯೋ, ತಾಯಿ ಓಡಬಾರ್ದು ಕಣೇ! ಎಲ್ಲೂ ಇಲ್ಲದ ಪದ್ಧತಿ!” ಎಂದು ನಿಕಿಪ್ಪೆ ಕೂಗಿಕೊಂಡಳು. ಹೆಗೆಸೋ ಆಗಲೇ ಓಡುತ್ತಿದ್ದಳು. ಓಟವೇನು ಬಂತು, ಹಸಿ ಬಾಣಂತಿಯ ತೂರಾಟ! ಒಂದು ಸುತ್ತು ಹೇಗೋ ಮುಗಿಯಿತು. ಎರಡನೆಯದರಲ್ಲಿ ಕಾಲು ತೊಡರಿತು, ಕೂಸು ಎಚ್ಚೆತ್ತು ಕಿರುಚಿತು.

ಮಣೆ ದಬಾರೆಂದು ಮಗುಚಿತು.

“ತಲೆ! ಹೆಗೆಸೋ, ಮಗು ತಲೆ ಹಿಡ್ಕೋ!” ಲೈಕಿನೋಸ್ ಅವಳ ಹಿಂದೆಯೇ ಓಡುತ್ತಿದ್ದ. “ಕತ್ತಿನ ಕೆಳಗೆ ಕೈ ಕೊಡು! ಹಾಗಲ್ಲ, ಅಯ್ಯೋ, ಹಾಗಲ್ವೇ!”

“ಹೇಗೆ ಅಂತ ನೀನೇ ತೋರ್ಸು!” ಎಂದವಳೇ ಅವಳು ತಿರುಗಿ, ಓಡಿಬರುತ್ತಿದ್ದವನ ತೋಳಿಗೆ ಕೂಸನ್ನು ಹಾಕಿ ಪಕ್ಕಕ್ಕೆ ಸರಿದಳು.

ಅವನ ಒಂದು ಕೈ ತಾನಾಗಿ ಕತ್ತಿನ ಕೆಳಗೆ ಹೋಯಿತು, ಇನ್ನೊಂದು ಬೆನ್ನಿಗೆ. ಕಾಲು ನಿಲ್ಲಲಿಲ್ಲ. ಓಡುತ್ತಿದ್ದೇನೆಂದು ಅವನಿಗೆ ಗೊತ್ತಾಗುವಷ್ಟರಲ್ಲಿ ಸುತ್ತು ಮುಗಿದು ಇನ್ನೊಂದು ಶುರುವಾಗಿತ್ತು. ನಿಕಿಪ್ಪೆ ಅಳುತ್ತಲೂ ನಗುತ್ತಲೂ ಒಣ ಅಂಜೂರವನ್ನು ಬೊಗಸೆಬೊಗಸೆ ಎರಚಿದಳು, ಸೂಲಗಿತ್ತಿ ಕಂಬಳಿ ಎಸೆದು ಚಪ್ಪಾಳೆ ತಟ್ಟಿದಳು. ಹೆಗೆಸೋ ಗೋಡೆಗೆ ಒರಗಿ ಜಾರಿ ಕುಳಿತಳು. ನೋವಿಗೂ ನಗುವಿಗೂ ಅವಳ ಕಣ್ಣಲ್ಲಿ ಒಂದೇ ನೀರು.

“ಲೈಕಿನೋಸ್!” ಹೊಸ್ತಿಲಾಚೆಯಿಂದ ಮುದುಕ ಕೇಳಿದ. “ಈಗೇನಾದ್ರೂ ಗೊತ್ತಾಯ್ತಾ?”

“ಇಲ್ಲ!” ಎಂದು ಲೈಕಿನೋಸ್ ಗಹಗಹಿಸಿ ನಕ್ಕ. “ಏನೂ ಗೊತ್ತಾಗ್ಲಿಲ್ಲ!”

“ಸಾಕು ನಿಲ್ಲೋ, ಶಾಸ್ತ್ರ ಮುಗೀತು,” ಎಂದಳು ತಾಯಿ.

“ಇನ್ನೊಂದೇ ಸುತ್ತಮ್ಮ,” ಎಂದ ಅವನು. ಕೂಸು ಅಳು ನಿಲ್ಲಿಸಿ ಅವನ ಗಡ್ಡದ ಕಡೆ ಕಣ್ಣರಳಿಸಿತ್ತು. ಅವನು ಹಾದುಹೋದಾಗಲೆಲ್ಲ ಒಲೆಯ ಉರಿ ಅವನು ಹೋದ ಕಡೆಗೆ ಬಾಗಿ, ಮತ್ತೆ ನೆಟ್ಟಗೆ ನಿಲ್ಲುತ್ತಿತ್ತು.