ಭಂಡಾರ ಹತ್ತದ ಗೋಧಿ

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಕಲ್ಯಾಣಪ್ಪನ ಫೋನಿಗೆ ಊರಿನಿಂದ ಒಂದು ಫೋಟೊ ಬಂತು. ಕಳಿಸಿದವನು ತಮ್ಮ ಅಮರೇಶಪ್ಪ. ಗೋಧಿಯ ಎಲೆಯ ಮೇಲೆ ಯಾರೋ ಅರಿಶಿನ ಕುಂಕುಮ ಕಲಸಿ ಎರಚಿದಂತಿತ್ತು.

“ಮತ್ತ ಭಂಡಾರ ಬಿತ್ತಲ್ಲ!” ಎಂದು ಕಲ್ಯಾಣಪ್ಪ ಹಣೆ ಹಿಡಿದುಕೊಂಡ. ದೇವರ ಭಂಡಾರದ ಅರಿಶಿನ ಪುಡಿಯಂತೆ ಕಾಣುವುದರಿಂದ ಗೋಧಿಯ ಈ ರೋಗಕ್ಕೆ ಅವರ ಊರ ಕಡೆ ಭಂಡಾರ ಎನ್ನುತ್ತಾರೆ.

ಕಲ್ಯಾಣಪ್ಪ ಹೈದರಾಬಾದಿನ ಕುಷಾಯಿಗೂಡದಲ್ಲಿದ್ದುಕೊಂಡು ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಾನೆ. ಊರು ಸಿಂದಗಿ ಕಡೆ. ಅಲ್ಲಿಯ ಹೊಲ ನೋಡಿಕೊಳ್ಳುವವನು ತಮ್ಮ; ಬಿತ್ತುವುದು ಅಜ್ಜನ ಕಾಲದಿಂದ ಬಂದ ಗೋಧಿ ಬೀಜವನ್ನೇ. ಪ್ರತಿ ವರ್ಷ ಸುಗ್ಗಿಯಾದ ಮೇಲೆ ಮನೆಯ ಗೋಧಿ ಚೀಲ ಬಸ್ಸೇರಿ ಹೈದರಾಬಾದಿಗೆ ಬರಬೇಕು. ಬೇರೆ ಹಿಟ್ಟಿನ ಚಪಾತಿ ಕಲ್ಯಾಣಪ್ಪನ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಹೋದ ವರ್ಷವೂ ಭಂಡಾರ ಬಿದ್ದು, ಬಂದ ಕಾಳು ಜೀರಿಗೆಯಂತೆ ಸೊರಗಿತ್ತು. ಹೆಂಡತಿ ಬಸಲಿಂಗಮ್ಮ ಬೇಗಂ ಬಜಾರಿನ ಗೋಧಿ ತಂದು ವರ್ಷ ದೂಡಿದ್ದಳು. ಈಗ ಫೋಟೊದ ಕೆಳಗೆ ತಮ್ಮ ಬರೆದಿದ್ದ: “ಅಣ್ಣಾ, ಗೋಧಿ ಸಾಕು. ಮುಂದಿನ ವರ್ಸ ಬರೇ ಕಡ್ಲಿ ಬಿತ್ತತೀನಿ.”

ಬಾಜೂ ಮನೆಯ ಉಮಾಶ್ರೀ ಆ ಫೋಟೊ ನೋಡಿದಳು. ರಾಯಚೂರು ಕಡೆಯ ಈ ಹೆಣ್ಣುಮಗಳು ಹೊಸ ತಳಿಗಳನ್ನು ಪರೀಕ್ಷೆ ಮಾಡುವ ಹೊಲವೊಂದರಲ್ಲಿ ಏಳು ವರ್ಷದಿಂದ ಕೂಲಿ ಮಾಡುತ್ತಿದ್ದಾಳೆ.

“ಕಾಕಾ, ಇದಕ್ಕ ತುಕ್ಕು ರೋಗ ಅಂತಾರ. ಹಳಸಿದ ರೊಟ್ಟಿಗೆ ಬೂಷ್ಟು ಹಿಡಿತೈತಲ್ರಿ, ಆ ಜಾತಿದು. ಇದರ ಪುಡಿ ಗಾಳಿಗೆ ಹಾರಿ ಹೊಲದಿಂದ ಹೊಲಕ್ಕ ಹೋಗ್ತೈತಿ. ಆದ್ರ ಇದಕ್ಕ ಬಗ್ಗದ ಗೋಧಿನೂ ಅದಾವ.”

“ಹೋಗವಾ! ಗೋಧಿ ಅಂದಮ್ಯಾಲ ಎಲ್ಲಾ ಒಂದ. ಭಂಡಾರ ದೇವರದು. ಬರೋದು ಬರ್ತೈತಿ,” ಎಂದು ಕಲ್ಯಾಣಪ್ಪ ನಕ್ಕ.

“ಇವತ್ತ ನನಗ ಡ್ಯೂಟಿ ಐತಿ. ಸಾಹೇಬರನ್ನ ಕೇಳತೀನಿ. ಬರ್ರಿ, ನೀವ ನೋಡ್ರಿ.”

ಬಸಲಿಂಗಮ್ಮನೂ ಹೊರಟಳು; ಮೂವರೂ ಬಸ್ಸು ಹತ್ತಿದರು. ಭಾನುವಾರವೆಂದು ಕಲ್ಯಾಣಪ್ಪ ಹಾಲಿನಂಥ ಧೋತರ ಉಟ್ಟಿದ್ದ.

ಹೊಲದಲ್ಲಿ ಒಂದು ಸಾಲು ಗೋಧಿ ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅದಕ್ಕೆ ಆತುಕೊಂಡೇ ಇದ್ದ ಸಾಲು ಹಚ್ಚಗೆ ನಿಂತಿತ್ತು.

“ಈ ಹಸರ ಸಾಲಿಗಿ ಔಷಧ ಹೊಡದೀರಿ,” ಎಂದ ಕಲ್ಯಾಣಪ್ಪ.

“ಒಂದ ಹನಿ ಹೊಡದಿಲ್ಲ ಕಾಕಾ. ಉಲ್ಟಾ, ರೋಗ ನಾವ ಹಚ್ಚೀವಿ! ಯಾವುದು ಬೀಳ್ತೈತಿ, ಯಾವುದು ನಿಲ್ತೈತಿ ಗೊತ್ತಾಗ್ಬೇಕಲ್ಲ.”

“ಇದು ಖರೇನ ಭಂಡಾರೋ, ಬಣ್ಣೋ?” ಎನ್ನುತ್ತ ಆತ ರೋಗದ ಸಾಲಿನೊಳಗೆ ನುಗ್ಗಿಯೇ ಬಿಟ್ಟ. ಉಮಾಶ್ರೀ “ಬ್ಯಾಡ್ರಿ, ಬ್ಯಾಡ್ರಿ!” ಎಂದು ಕೂಗುವಷ್ಟರಲ್ಲಿ ಆ ತುದಿ ಮುಟ್ಟಿದ್ದ. ಹೊರಗೆ ಬಂದಾಗ ಧೋತರ ಮೊಣಕಾಲತನಕ ಕೇಸರಿ. ಬಸಲಿಂಗಮ್ಮ ನಕ್ಕು ನಕ್ಕು ಬದುವಿನ ಮೇಲೆ ಕುಳಿತಳು.

ನಾಚಿಕೆಯಾದರೂ ಕಲ್ಯಾಣಪ್ಪ ಸೋಲಲಿಲ್ಲ. ಹಸಿರು ಸಾಲಿನ ಎಲೆಯೊಂದನ್ನು ಕಣ್ಣಿಗೆ ಹಿಡಿದು ನೋಡಿದ. ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳಿದ್ದವು. “ಹಾಂ! ಸಿಕ್ಕಿತು ನೋಡ್ರಿ! ಇದಕ್ಕೂ ರೋಗ ಐತಿ!”

“ಅದ ಅದರ ಗಟ್ಟಿತನ ಕಾಕಾ,” ಎಂದಳು ಉಮಾಶ್ರೀ. “ರೋಗದ ಪುಡಿ ಇದರ ಮ್ಯಾಲೂ ಬಿತ್ತು. ಒಳಗ ಹೋಗಾಕ ನೋಡ್ತು. ಎಲಿ ತಟ್ಟನ ಗುರ್ತ ಹಿಡೀತು. ಬಿದ್ದ ಜಾಗಾ ಅಷ್ಟ ತಾನ ಒಣಗಿಸಿಕೊಂತು, ಮುಂದ ಹರಡಾಕ ಬಿಡಲಿಲ್ಲ. ಆ ಗುಣ ಬೀಜದಾಗ ಬರ್ತೈತಿ, ತಂದಿ ತಾಯಿಯಿಂದ ಮಕ್ಕಳಿಗಿ ಬಂದಂಗ. ಅಂಥ ಗುಣ ಇರೋ ಗೋಧಿ ಹುಡುಕಿ, ಭಾಳ ಕಾಳು ಕೊಡೋ ಗೋಧಿ ಜೋಡಿ ಕೂಡಿಸಿ ಹೊಸ ತಳಿ ಮಾಡ್ತಾರ.”

ಕಲ್ಯಾಣಪ್ಪ ಆ ಚುಕ್ಕೆಗಳ ಮೇಲೆ ಬೆರಳಾಡಿಸಿದ. ಬೆರಳಿಗೆ ಏನೂ ಹತ್ತಲಿಲ್ಲ. ಆಮೇಲೆ ಮೆಲ್ಲಗೆ, “ನಮ್ಮ ಅಜ್ಜನ ಬೀಜ ಬಿಡಬೇಕೇನವಾ?” ಎಂದು ಕೇಳಿದ.

“ಪೂರಾ ಬಿಡಬ್ಯಾಡ್ರಿ. ಹೊಲದಾಗ ಒಂದ ಸಣ್ಣ ಮಡಿ ಮಾಡಿ ಅದನ್ನ ಬಿತ್ತಿ ಇಟ್ಟುಕೋರಿ. ಅಂಥ ಹಳೇ ಬೀಜದಾಗ ಯಾವ ಗುಣ ಅಡಗೇತೋ ಯಾರಿಗೆ ಗೊತ್ತು!”

ಆ ಮಾತಿಗೆ ಕಲ್ಯಾಣಪ್ಪನ ಮುಖ ಅರಳಿತು. ಆದರೆ ಧೋತರ ಉಟ್ಟುಕೊಂಡು ಹೊರಡಲು ಉಮಾಶ್ರೀ ಬಿಡಲಿಲ್ಲ. ಆ ಪುಡಿ ಬಟ್ಟೆಯ ಮೇಲೂ ಪ್ರಯಾಣ ಮಾಡುತ್ತದೆ. ಅಲ್ಲೇ ಅದನ್ನು ಸಾಬೂನು ನೀರಿನಲ್ಲಿ ನೆನೆಹಾಕಿ, ಕಾವಲುಗಾರನ ಖಾಕಿ ಪ್ಯಾಂಟು ಕೊಡಿಸಿದಳು. ಅರವತ್ತು ವರ್ಷದಲ್ಲಿ ಪ್ಯಾಂಟು ಹಾಕದ ಕಲ್ಯಾಣಪ್ಪ ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡು ಬಸ್ಸಿನಲ್ಲಿ ನಿಂತೇ ಬಂದ. “ನಮ್ಮನಿ ಪೊಲೀಸರು!” ಎಂದು ಬಸಲಿಂಗಮ್ಮ ದಾರಿಯುದ್ದಕ್ಕೂ ಚುಡಾಯಿಸಿದಳು.

ಸಂಜೆ ಆತ ತಮ್ಮನಿಗೆ ಫೋನು ಮಾಡಿದ. “ಹೊಸ ತಳಿ ಚಪಾತಿ ರಬ್ಬರಾಗ್ತೈತಿ ಬಿಡಣ್ಣ,” ಎಂದ ಅಮರೇಶಪ್ಪ. ಮುಂದಿನ ಎಂಟು ತಿಂಗಳೂ ಕಲ್ಯಾಣಪ್ಪ ಬೆನ್ನು ಬಿಡಲಿಲ್ಲ. ಬಿತ್ತನೆ ಹೊತ್ತಿಗೆ ಊರಿಗೇ ಹೋಗಿ, ತಮ್ಮನನ್ನು ರೈತ ಸಂಪರ್ಕ ಕೇಂದ್ರಕ್ಕೆ ಕರೆದೊಯ್ದು, “ನಮ್ಮ ಸೀಮಿಗೆ ಹೊಂದೋ, ಭಂಡಾರ ತಡಕೊಳ್ಳೋ ಗೋಧಿ ಯಾವುದ್ರಿ?” ಎಂದು ಕೇಳಿ ಬೀಜ ತಂದ. ಒಂದು ಎಕರೆ ಅದನ್ನು ಬಿತ್ತಿದರು. ಅಜ್ಜನ ಬೀಜಕ್ಕೆ ಬದುವಿನ ಪಕ್ಕ ಒಂದು ಮಡಿ.

ಮರುವರ್ಷದ ಮಾರ್ಚಿನಲ್ಲಿ ಅಮರೇಶಪ್ಪ ತಾನೇ ಗೋಧಿ ಚೀಲ ಹೊತ್ತು ಕುಷಾಯಿಗೂಡಕ್ಕೆ ಬಂದಿಳಿದ. ಬಸಲಿಂಗಮ್ಮ ಚೀಲ ಬಿಚ್ಚಿ ಬೊಗಸೆ ತುಂಬ ಕಾಳು ಎತ್ತಿದಳು: ದುಂಡಗೆ, ಭಾರ, ಥಳಥಳ. ಅಂದೇ ಹಿಟ್ಟು ಬೀಸಿಸಿ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಊಟಕ್ಕೆ ಕರೆದಳು. ಅಮರೇಶಪ್ಪ ಆರನೆಯ ಚಪಾತಿಗೆ ಕೈ ಹಾಕಿದ.

“ರಬ್ಬರ ಆಗೇತೇನೋ?” ಎಂದ ಅಣ್ಣ.

“ಮೆತ್ತಗ ಐತಿ ಬಿಡು,” ಎಂದು ತಮ್ಮ ತಲೆ ತಗ್ಗಿಸಿ ನಕ್ಕ. “ಇನ್ನ ಭಂಡಾರದ ಚಿಂತಿ ಇಲ್ಲ.”

“ಹಂಗನ್ನಬ್ಯಾಡ್ರಿ,” ಎಂದಳು ಉಮಾಶ್ರೀ. “ಆ ರೋಗನೂ ವೇಷ ಬದಲಿಸ್ತೈತಿ. ಇವತ್ತ ಗೆದ್ದ ತಳಿ ನಾಕು ವರ್ಸಕ್ಕ ಸೋಲಬಹುದು. ಹೊಲದಾಗ ಕಣ್ಣಿಡ್ರಿ. ವರ್ಸಾ ಕೇಳ್ರಿ.”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವು ಪಟ್ಟಣದಲ್ಲಿದ್ದರೂ ಊರಿನ ಹೊಲದಲ್ಲಿ ಗೋಧಿ ಇದ್ದರೆ ಈ ಮಾತು ನಿಮಗೂ ಸೇರಿದ್ದು. ಬಿತ್ತುವ ಮೊದಲು ತಳಿಯ ಹೆಸರು ಕೇಳಿ. ಅದು ತುಕ್ಕು ರೋಗ ತಡೆಯುತ್ತದೆಯೇ ಎಂದೂ ಕೇಳಿ. ಹೊಲವೆಲ್ಲ ಒಂದೇ ತಳಿ ಬೇಡ. ಎಲೆಯ ಮೇಲೆ ಕಿತ್ತಳೆ ಪುಡಿ ಕಂಡ ದಿನವೇ ಕೃಷಿ ಅಧಿಕಾರಿಗೆ ತಿಳಿಸಿ. ಇವತ್ತೇ ಊರಿಗೆ ಒಂದು ಫೋನು ಮಾಡಿ, “ಈ ಸಲ ಯಾವ ಬೀಜ?” ಎಂದು ಕೇಳಿ.