ಬರಿಗಿವಿ

"ಹತ್ತು ನಿಮಿಷಕ್ಕೆ ಎಲ್ಲಾ ಹೆಡ್‌ಸೆಟ್ಟೂ ಹಾಸಿಗೇನೇ ಮೇಡಂ. ಒಂದು ಗಂಟೆ ಆದ್ಮೇಲೆ ಹೇಳಿ, ಹಾಸಿಗೇನೋ ಜೈಲೋ ಅಂತ."

ವಿಜಯಕುಮಾರ್ ಸ್ಪೀಕರಿನ ಸದ್ದು ಏರಿಸಿದರು. ಜಯನಗರ ನಾಲ್ಕನೇ ಟಿ ಬ್ಲಾಕಿನ ಆ ಹಳೆಯ ಮನೆಯ ಮುಂಗೋಣೆಯ ತುಂಬ ಜೆಟ್ ವಿಮಾನದ ಮೊರೆತ ತುಂಬಿಕೊಂಡು ಷೋಕೇಸಿನ ಗಾಜು ಸಣ್ಣಗೆ ನಡುಗತೊಡಗಿತು. ಸಂಗೀತಾ ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ, ಕಾಕ್‌ಪಿಟ್ಟಿನಲ್ಲಿ ಕೂರುವ ಹಾಗೆಯೇ ಕೂತಿದ್ದಳು. ತಲೆಯ ಮೇಲಿದ್ದದ್ದು ಅಂದಿನ ಮೂರನೆಯ ಹೆಡ್‌ಸೆಟ್. ಅದರ ತಂತಿಯಲ್ಲಿದ್ದ ಸ್ವಿಚ್ಚು ಒತ್ತಿದ್ದೇ ಅಷ್ಟು ದೊಡ್ಡ ಮೊರೆತ ಪಕ್ಕದ ಮನೆಯ ಫ್ಯಾನಿನಷ್ಟಾಗಿ, ಬೀದಿಯಲ್ಲಿ ಸೊಪ್ಪು ಮಾರುವವನ ಕೂಗು ಮಾತ್ರ ಉಳಿಯಿತು.

ವಿಜಯಕುಮಾರ್ ವಿಮಾನ ನಿಲ್ದಾಣದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು. ನಿವೃತ್ತಿಯಾದ ಮೇಲೆ ಮನೆಯಲ್ಲೇ ಪೈಲಟ್‌ಗಳಿಗೆ ಹೆಡ್‌ಸೆಟ್ ಮಾರುತ್ತಿದ್ದರು. ಒಂದು ಗಂಟೆ ಕೂರಿಸದೆ ಯಾರಿಗೂ ಕೊಡುತ್ತಿರಲಿಲ್ಲ.

"ನಮ್ಮನೆಯವಳು ಹೇಳ್ತಿರ್ತಾಳೆ, ಮದುವೆಗೆ ಮುಂಚೆ ನಿಮ್ಮನ್ನೂ ಹಿಂಗೇ ಒಂದು ಗಂಟೆ ಕೂರಿಸಿ ನೋಡ್ಬೇಕಿತ್ತು ಅಂತ."

ಸಂಗೀತಾ ನಕ್ಕಳು. ನಕ್ಕಾಗ ಕೆನ್ನೆ ಮೇಲೆದ್ದು ಕಿವಿಯ ಮೆತ್ತೆ ಒಂದಿಷ್ಟು ಸರಿಯಿತು. ಬಲಗಿವಿಯ ಹಿಂದೆ ಓಲೆಯ ತಿರುಪು ಮೂಳೆಗೆ ತಾಗಿತು. ನೋವು ಯಾವಾಗಲೂ ಹೀಗೇ ಸಾಸಿವೆಯಷ್ಟರಿಂದ ಶುರುವಾಗುತ್ತಿತ್ತು.

ವಿಜಯಕುಮಾರ್ ಅವಳ ಮುಖವನ್ನೇ ನೋಡುತ್ತಿದ್ದರು. ಸ್ಪೀಕರ್ ಆರಿಸಿದರು.

"ಇದೂ ಜೈಲು."

"ಸ್ವಲ್ಪ ಅಷ್ಟೇ ಸಾರ್."

"ಸ್ವಲ್ಪ ಅಂತ ಜೈಲಿಲ್ಲ ಮೇಡಂ. ದಿನಕ್ಕೆ ಆರು ಸಲ ಏರಿಸಿ ಇಳಿಸೋ ಕೆಲಸ ನಿಮ್ದು." ಅವರು ಹೆಡ್‌ಸೆಟ್ ತೆಗೆದು ಮೆತ್ತೆಯೊಳಗೆ ಬೆರಳಿಟ್ಟು ನೋಡಿದರು. ಕೆಂಪು ಕಲ್ಲುಗಳ ಗುರುತು ಸ್ಪಂಜಿನಲ್ಲಿ ಹೂವಿನ ಹಾಗೆ ಅಚ್ಚೊತ್ತಿತ್ತು. "ಕಿವಿಯೊಳಗೆ ಸಿಕ್ಕಿಸ್ಕೊಳ್ಳೋದು ಒಂದಿದೆ. ಅದು ಒತ್ತಲ್ಲ."

"ಅದನ್ನ ನಮ್ಮ ಕಂಪನಿ ಒಪ್ಪಲ್ಲ."

"ಹಾಗಾದ್ರೆ ಓಲೆ ಬಿಚ್ಚಿ. ಬಿಚ್ಚಿದ್ರೆ ಇವ್ಯಾವುದೂ ಬೇಡ, ನಿಮ್ಮ ಹಳೇದೇ ಸಾಕು. ವ್ಯಾಪಾರ ಕೆಟ್ರೂ ನಿಜ ಹೇಳ್ಬಿಡ್ತೀನಿ."

"ಬಿಚ್ಚೋಕೆ ಬರಲ್ಲ ಸಾರ್."

ಅವರು ಹೆಡ್‌ಸೆಟ್ಟನ್ನು ಅದರ ಡಬ್ಬಿಗೆ ಸೇರಿಸಿದರು. ಒಳಗೆ ಕುಕ್ಕರ್ ಕೂಗಿತು.

ಮೊನ್ನೆ ಗುರುವಾರ ಕಲಬುರಗಿಗೆ ಇಳಿಯುವಾಗ ಆದದ್ದನ್ನು ಸಂಗೀತಾ ಅವರಿಗೆ ಹೇಳಿರಲಿಲ್ಲ. ಅಂದಿನ ನಾಲ್ಕನೆಯ ಹಾರಾಟ ಅದು. ಬಲಗಿವಿ ಉರಿಯುತ್ತಿತ್ತು. ಒಂದೇ ನಿಮಿಷ ಎಂದುಕೊಂಡು ಬಲಗಡೆಯ ಮೆತ್ತೆಯನ್ನು ಕಿವಿಯ ಹಿಂದಕ್ಕೆ ಸರಿಸಿದ್ದಳು. ಎಡಗಡೆಯದೂ ಅದರ ಜೊತೆ ಜಾರಿದ್ದು ಗೊತ್ತಾಗಲಿಲ್ಲ. ಇಳಿಯುವುದನ್ನು ಅಲ್ಲಿಗೇ ನಿಲ್ಲಿಸಿ ಎಂದು ಕೆಳಗೆ ಟವರಿನಿಂದ ಹೇಳಿದ್ದು ಅವಳಿಗೆ ಕೇಳಿಸಲೇ ಇಲ್ಲ. ಉತ್ತರ ಕೊಟ್ಟದ್ದು, ಕೈ ಚಾಚಿ ವಿಮಾನವನ್ನು ಮಟ್ಟಸ ಮಾಡಿದ್ದು ಪಕ್ಕದ ಸೀಟಿನಲ್ಲಿದ್ದ ಕ್ಯಾಪ್ಟನ್ ಅರ್ಪಿತ. ಅವರ ಅಡಿಯಲ್ಲೆಲ್ಲೋ ಇನ್ನೊಂದು ವಿಮಾನ ಹಾದುಹೋಯಿತು. ಏನೂ ಆಗಲಿಲ್ಲ. ಹಿಂದೆ ಕೂತವರು ಬಿಸ್ಕತ್ತಿನ ಪೊಟ್ಟಣ ಮಡಿಚುತ್ತಿದ್ದರು.

ಅರ್ಪಿತ ವಿಮಾನ ನಿಲ್ಲಿಸಿ ಇಂಜಿನ್ ಆರಿಸಿದರು. ಆಮೇಲೆ ಅವಳ ಕಿವಿಯನ್ನೇ ನೋಡಿ, "ಏನಮ್ಮಾ, ಮದುವೆಮನೆಯಿಂದ ನೇರ ಬಂದ್ಯಾ?" ಎಂದರು.

"ಸಾರಿ ಮ್ಯಾಮ್."

"ನನಗ್ಯಾಕೆ ಸಾರಿ? ಈ ಒಂದು ಸಲ ನಾನು ಮೇಲಿನವರಿಗೆ ಬರೆದುಕೊಡಲ್ಲ. ಸೋಮವಾರ ಮತ್ತೆ ನನ್ನ ಜೊತೇನೇ ಬರ್ತಿದೀಯ. ಅಷ್ಟರಲ್ಲಿ ಆ ಕಿವಿ ಏನಾದ್ರೂ ಮಾಡ್ಕೊ. ಆಗಲ್ವಾ, ಬರ್ಬೇಡ. ಫೋನ್ ಮಾಡಿ ಹೇಳ್ಬಿಡು, ನಾನೂ ಬರೆದುಕೊಡೋದು ಬರೆದುಕೊಡ್ತೀನಿ."

ಇಂದು ಶನಿವಾರ.

*

ವಸಂತಪುರದ ಮನೆಗೆ ಅವಳು ಬಂದಾಗ ಬಾಲ್ಕನಿಯ ಬಾಗಿಲ ಹತ್ತಿರದ ಮಂಚದಲ್ಲಿ ಅಮ್ಮ ಗಿರಿಜಾದೇವಿ ಕಾಲು ಚಾಚಿ ಕೂತಿದ್ದರು. ಅವರನ್ನು ಹಗಲು ನೋಡಿಕೊಳ್ಳುವ ಅಂಜನಾ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟು ನಿಂತಿದ್ದಳು.

"ಯಾರು?"

"ನಾನಮ್ಮ, ಸಂಗೀತಾ."

"ಬಾ ಇಲ್ಲಿ."

ಸಂಗೀತಾ ಮಂಚದ ಪಕ್ಕ ಮಂಡಿಯೂರಿ ಮುಖ ಚಾಚಿದಳು. ಅಮ್ಮನ ಬೆರಳು ಭುಜದಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಬಂದು ಓಲೆಯ ಕಲ್ಲುಗಳನ್ನು ಒಂದೊಂದಾಗಿ ಸವರಿದವು. ಕೀವು ಕಟ್ಟಿದ್ದ ಕಡೆ ಬೆರಳು ಒತ್ತಿದಾಗ ಸಂಗೀತಾ ತುಟಿ ಕಚ್ಚಿದಳು. ಕಲ್ಲು ಮುಗಿಯುವ ಹೊತ್ತಿಗೆ ಅಮ್ಮನ ಮುಖದ ಗಂಟು ಸಡಿಲವಾಗಿತ್ತು.

"ಬಂದ್ಯಾ ಸಂಗೀ? ಎಷ್ಟೊತ್ತು ಕಾಯಿಸ್ತೀಯೇ. ಹೊಟ್ಟೆ ಹಸಿದು ಹೋಯ್ತು."

ಸಕ್ಕರೆ ಕಾಯಿಲೆ ಮೊದಲು ಅವರ ಕಣ್ಣನ್ನು ತಿಂದಿತ್ತು. ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮುಂಚೆ ಮೈಮೇಲೆ ಚಿನ್ನ ಇರಬಾರದೆಂದು ನರ್ಸು ಹೇಳಿದಾಗ, ಅವರು ಓಲೆ ಬಿಚ್ಚಿ ಅಲ್ಲೇ ಕಾರಿಡಾರಿನಲ್ಲಿ ಮಗಳ ಕಿವಿಗೆ ತಿರುಪಿದ್ದರು. ಹೊರಗೆ ಬಂದ ಮೇಲೆ ಕೊಡು ಎಂದಿದ್ದರು. ಕಣ್ಣು ಬರಲಿಲ್ಲ. ಆಮೇಲೆ ಮೆದುಳಿಗೆ ರಕ್ತ ನಿಂತು ನೆನಪೂ ಚೂರುಚೂರಾಯಿತು. ಟೀವಿಯ ದನಿ, ಫೋನಿನ ದನಿ, ಮಗಳ ದನಿ ಎಲ್ಲವೂ ಅವರಿಗೆ ಒಂದೇ ಆಗಿದ್ದವು. ಓಲೆ ಇದ್ದ ಕಿವಿ ಮಾತ್ರ ಸಂಗೀತಾಳದು. ಅದನ್ನು ಮುಟ್ಟಿದ ಮೇಲೆಯೇ ರಾತ್ರಿಯ ಊಟ, ಮಾತ್ರೆ.

ಅಂಜನಾ ಹೋಗುವ ಮೊದಲು ಬಾಗಿಲಲ್ಲಿ ನಿಂತಳು. "ಅಕ್ಕ, ಕಿವಿ ನೋಡ್ಕೊಂಡ್ರಾ? ಬಾತುಹೋಗಿದೆ. ಡ್ಯೂಟಿಗೆ ಹೋಗೋವಾಗ ತೆಗೆದಿಟ್ಟು ಬಂದ್ಮೇಲೆ ಹಾಕ್ಕೊಳ್ಳಿ."

"ಹಾಗೆ ಮಾಡಿ ಮಾಡಿಯೇ ತಿರುಪಿನ ಸುತ್ತೆಲ್ಲ ಸವೆದು ಸಡಿಲಾಗೋಯ್ತು ಕಣೇ. ಚಿನ್ನದ ಕೆಲಸದ ಆಚಾರ್ರು ಅರಗು ಹಾಕಿ ಕೂರಿಸಿದಾರೆ. ಇನ್ನು ತೆಗೀಬೇಕು ಅಂದ್ರೆ ಕತ್ತರಿಸಬೇಕಂತೆ."

"ಅದೇ ಥರದ್ದು ಬೇರೆ ತಗೊಂಡ್ರೆ?"

"ಅರಗು ಹಾಕಿಸೋ ಮುಂಚೆ ತಂದಿದ್ದೆ, ಜಯನಗರ ಕಾಂಪ್ಲೆಕ್ಸಿನಿಂದ. ಮುಟ್ಟಿದ ತಕ್ಷಣ 'ಯಾರ ಮನೆ ಹುಡುಗಿ ನೀನು' ಅಂದ್ರು. ಅವತ್ತು ಊಟ ಮಾಡ್ಲಿಲ್ಲ."

ಅಂಜನಾ ಗೇಟಿನ ಪಕ್ಕದ ಬೇವಿನ ಮರದಿಂದ ಮುರಿದು ತಂದಿದ್ದ ಎಳೆ ಕಡ್ಡಿಗಳನ್ನು ಮೇಜಿನ ಮೇಲಿಟ್ಟು ಹೋದಳು. ಅಮ್ಮನ ಕಿವಿಯ ತೂತುಗಳಲ್ಲಿ ಯಾವಾಗಲೂ ಬೇವಿನ ಕಡ್ಡಿಯ ತುಣುಕು ಇರಬೇಕಿತ್ತು. ಒಣಗಿದರೆ ಬದಲಿಸಬೇಕು.

"ತೂತು ಮುಚ್ಕೊಂಡ್ರೆ ಓಲೆ ಎಲ್ಲಿಗೆ ಹಾಕ್ಕೊಳ್ಲಿ?" ಎಂದು ಗಿರಿಜಾದೇವಿ ಅನ್ನದ ತುತ್ತಿನ ನಡುವೆ ಹೇಳಿದರು. "ಹುಷಾರಾಗಿಟ್ಕೊ. ಆಪರೇಷನ್ ಆಗ್ಲಿ, ವಾಪಸ್ ಇಸ್ಕೊಂತೀನಿ."

"ಹೂಂ ಅಮ್ಮ."

"ಏನ್ ಹೂಂ? ಕೊಡ್ತೀಯೋ ಇಲ್ವೋ, ನಿಮ್ಮಪ್ಪನ ಥರಾನೇ ನೀನೂ. ಹೂಂ ಅಂದ್ರೆ ಮುಗೀತು." ಅವರು ತಮ್ಮಷ್ಟಕ್ಕೆ ನಕ್ಕರು. ಸಾರು ಗಲ್ಲಕ್ಕಿಳಿಯಿತು. ಸಂಗೀತಾ ಒರೆಸಿದಳು.

*

ಭಾನುವಾರ ಮಧ್ಯಾಹ್ನ ಯಡಿಯೂರಿನ ಅಂಗಡಿಯಲ್ಲಿ ಆಚಾರ್ರು ಭೂತಗನ್ನಡಿ ಹಿಡಿದು ಅವಳ ಕಿವಿಯನ್ನು ಬೆಳಕಿಗೆ ತಿರುಗಿಸಿದರು.

"ತೂತಲ್ಲಿರೋ ಈ ಕಂಬ ಕತ್ತರಿಸಿದ್ರೆ ಹೊಸದು ಬೆಸೀಬೇಕಮ್ಮಾ. ಬೆಸೀಬೇಕು ಅಂದ್ರೆ ಕಲ್ಲೆಲ್ಲಾ ಬಿಚ್ಚಬೇಕು. ಹಳೇ ಕಲ್ಲು, ಬಿಸಿ ತಡೆಯುತ್ತೋ ಇಲ್ವೋ. ಇದೇ ರೂಪ ಬರುತ್ತೆ ಅಂತ ನಾನು ಮಾತು ಕೊಡಲ್ಲ."

"ಆಯ್ತು."

"ಅಮ್ಮನ್ನ ಕೇಳಿದ್ರಾ?"

ಸಂಗೀತಾ ಗೋಡೆಯ ಕ್ಯಾಲೆಂಡರ್ ನೋಡುತ್ತಾ, "ಕತ್ತರಿಸಿ" ಎಂದಳು.

ಕಟ್ ಎಂದಿತು. ಮೂಳೆಯೊಳಗೇ ಕೇಳಿಸಿದ ಹಾಗಿತ್ತು. ಎರಡನೆಯದಕ್ಕೆ ಅವಳು ಕಣ್ಣು ಮುಚ್ಚಿಕೊಂಡಳು. ಆಚಾರ್ರು ಗುಲಾಬಿ ಕಾಗದದಲ್ಲಿ ಎಲ್ಲವನ್ನೂ ಮಡಿಚಿಟ್ಟರು. ಹೊರಗೆ ಬಂದಾಗ ತಲೆ ಹಗುರವಾಗಿ, ಕನಕಪುರ ರಸ್ತೆಯುದ್ದಕ್ಕೂ ಯಾರೋ ಕಿವಿಯ ಹತ್ತಿರ ಊದುತ್ತಿದ್ದಾರೆ ಎನಿಸುತ್ತಿತ್ತು.

ಸಂಜೆ ತಟ್ಟೆಯಲ್ಲಿ ಅನ್ನ, ತೊವ್ವೆ ಕಲಸಿಕೊಂಡು ಅವಳು ಮಂಚದ ಪಕ್ಕ ಕೂತಳು.

"ಯಾರು?"

"ನಾನಮ್ಮ, ಸಂಗೀತಾ."

"ಬಾ ಇಲ್ಲಿ."

ಬೆರಳುಗಳು ಭುಜಕ್ಕೆ ಬಂದವು. ಕುತ್ತಿಗೆಗೆ ಬಂದವು. ಕಿವಿಯ ತುದಿ ಸಿಕ್ಕಿ ಅಲ್ಲೇ ನಿಂತವು. ಬಾತ ಹಾಲೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ತಿರುವಿದವು. ಇನ್ನೊಂದು ಕಿವಿಗೆ ಹೋದವು.

"ಯಾರವ್ವ ನೀನು?"

"ಅಮ್ಮ, ನಾನೇ. ಕಿವಿ ನೋಯ್ತಿತ್ತು, ಅದಕ್ಕೆ ಓಲೆ..."

"ಅಂಜನಾ ಬರ್ಲಿಲ್ವಾ? ಏಜೆನ್ಸಿಯವರು ನಿನ್ನ ಕಳ್ಸಿದ್ರಾ?" ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಹೊರಗಿನವರ ಜೊತೆ ಆಡುವಂಥ ಮರ್ಯಾದೆ ಇತ್ತು.

ಸಂಗೀತಾ ತಟ್ಟೆಯ ಅಂಚನ್ನು ಒತ್ತಿ ಹಿಡಿದಳು. ಕೆಳಗೆ ಅಪಾರ್ಟ್‌ಮೆಂಟಿನ ನೀರಿನ ಮೋಟರು ಓಡುತ್ತಿತ್ತು. ಅನ್ನವನ್ನು ಇನ್ನೊಮ್ಮೆ ಕಲಸಿ, "ಹೂಂ" ಎಂದಳು.

"ಊಟ ಈಗ ಬೇಡವ್ವ. ನಮ್ಮ ಹುಡುಗಿ ಬರ್ತಾಳೆ. ಪ್ಲೇನ್ ಓಡಿಸ್ತಾಳೆ ಅವಳು. ಟ್ರಾಫಿಕ್ಕಲ್ಲಿ ಸಿಕ್ಕೊಂಡಿರ್ತಾಳೆ."

"ಅಷ್ಟರಲ್ಲಿ ಎರಡು ತುತ್ತು?"

"ಅವಳಿಗೆ ಬೇಜಾರಾಗುತ್ತೆ. ನಾನೇ ತಿನ್ನಿಸ್ಬೇಕು ಅಂತ ಓಡಿ ಬರ್ತಾಳೆ." ಅವರು ಸ್ವಲ್ಪ ಹೊತ್ತು ಬಾಗಿಲ ಕಡೆ ಕಿವಿ ಇಟ್ಟು ಕೂತರು. ಆಮೇಲೆ ಕೈ ಮತ್ತೆ ಸಂಗೀತಾಳ ಕಿವಿಗೆ ಬಂತು. "ಯಾಕವ್ವ ಹಿಂಗೆ ಬರಿಗಿವೀಲಿ ಇದೀಯ? ತೂತು ಮುಚ್ಕೊಳ್ತದೆ. ನಿಮ್ಮಮ್ಮ ಹೇಳ್ಲಿಲ್ವಾ?"

"ಇಲ್ಲ."

"ಇದಾರಾ ನಿಮ್ಮಮ್ಮ?"

ಸಂಗೀತಾ ತಟ್ಟೆಯನ್ನು ಕೆಳಗಿಟ್ಟಳು.

"ಪಾಪ," ಎಂದರು ಗಿರಿಜಾದೇವಿ. ತಮ್ಮ ಎಡಗಿವಿಯಿಂದ ಬೇವಿನ ಕಡ್ಡಿ ಎಳೆದರು. ಅದನ್ನು ಸೆರಗಿನ ತುದಿಯಲ್ಲಿ ಒರೆಸಿದರು. "ಹತ್ರ ಬಾ. ಒಂಚೂರು ಚುಚ್ಚುತ್ತೆ, ತಡ್ಕೊ." ಕಾಣದ ಕಣ್ಣನ್ನು ಕಿರಿದು ಮಾಡಿಕೊಂಡು, ಬೆರಳ ತುದಿಯಿಂದ ತೂತು ಹುಡುಕಿ, ಕಡ್ಡಿಯನ್ನು ತಿರುವಿ ತಿರುವಿ ತೂರಿಸಿದರು. ನಂತರ ಬಲಗಿವಿಯದು. "ನಾಳೆ ಅಂಜನಾ ನನಗೆ ಬೇರೆ ಹಾಕ್ತಾಳೆ ಬಿಡು. ನೀನು ಸ್ನಾನ ಮಾಡೋವಾಗ ಉದುರಿಸ್ಕೋಬೇಡ."

ಆಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿದರು. "ನಮ್ಮ ಸಂಗೀ ಬಂದ್ರೆ ಎಬ್ಬಿಸು."

ತಟ್ಟೆಯ ಅನ್ನ ಅಂಚಿನಿಂದ ಒಣಗುತ್ತಾ ಬಂತು.

*

ಸೋಮವಾರ ಬೆಳಗ್ಗೆ ಎಡಗಡೆಯ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡ ಅರ್ಪಿತ ಮೊದಲು ನೋಡಿದ್ದು ಅವಳ ಕಿವಿಯನ್ನೇ.

"ಏನದು, ಕಡ್ಡಿ?"

"ಬೇವಿಂದು ಮ್ಯಾಮ್."

ಅರ್ಪಿತ ಏನೋ ತಮಾಷೆ ಮಾಡಲು ಬಾಯಿ ತೆರೆದವರು ಸಂಗೀತಾಳ ಮುಖ ನೋಡಿ ಬಿಟ್ಟರು. "ಹೊಸ ಹೆಡ್‌ಸೆಟ್ ತಗೊಂಡ್ಯಾ?"

"ಇಲ್ಲ ಮ್ಯಾಮ್. ಹಳೇದೇ."

"ಹಾಕ್ಕೊಂಡು ನೋಡು. ಒತ್ತುತ್ತಾ?"

ಸಂಗೀತಾ ಹೆಡ್‌ಸೆಟ್ ತಲೆಗೇರಿಸಿ ಎರಡೂ ಮೆತ್ತೆಗಳನ್ನು ಕಿವಿಯ ಸುತ್ತ ಕೂರಿಸಿದಳು. ಕೆನ್ನೆ ಆಡಿಸಿ ನೋಡಿದಳು. ತಲೆ ಆಚೀಚೆ ತಿರುಗಿಸಿದಳು.

"ಒತ್ತಲ್ಲ."

ಟವರಿನ ದನಿ ಮಗ್ಗುಲಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು. ಅವಳು ಒಂದಕ್ಷರ ಬಿಡದೆ ಹಾಗೆಯೇ ಮರಳಿ ಹೇಳಿದಳು. ಅರ್ಪಿತ ತಲೆದೂಗಿದರು. ಇಂಜಿನ್ನುಗಳ ಮೊರೆತ ಏರಿತು, ರನ್‌ವೇಯ ಬಿಳಿ ಗೆರೆಗಳು ಕೂಡಿಕೊಂಡು ಒಂದಾದವು. ಮೆತ್ತೆಯ ಒಳಗೆ, ಎರಡೂ ಕಡೆ, ಬೇವಿನ ಕಡ್ಡಿ ಮೆಲ್ಲಗೆ ಬೆಚ್ಚಗಾಗುತ್ತಿತ್ತು.